ಎದುರಿಗೆ ಬಂದವರಿಗೆ ಮೊದಲ ಏಟು

ಹತ್ತೊಂಬತ್ತು ದಿನ ಊರೂರು ತಿರುಗಿ ಮೈಸೂರಿಗೆ ಮರಳುತ್ತಿದ್ದ ಆ ಟೆಂಪೊದೊಳಗೆ ಆರು ಹೆಣ್ಣುಮಕ್ಕಳು ನಗುತ್ತಿದ್ದರು. ಇಲವಾಲದಲ್ಲಿ ಶುರುವಾದ ನಗು ಕುಕ್ಕರಹಳ್ಳಿ ಕೆರೆ ಕಂಡರೂ ನಿಂತಿರಲಿಲ್ಲ. ಏಕೆ ನಗುತ್ತಿದ್ದೇವೆಂಬುದು ಅವರಿಗೇ ಮರೆತುಹೋಗಿತ್ತು. ನಿದ್ದೆಗೆಟ್ಟವರ ನಗೆಗೆ ಕಾರಣ ಬೇಕಿಲ್ಲ. ಯಾರಾದರೊಬ್ಬರು ಹುಮನಾಬಾದ್ ಎಂದರೆ ಸಾಕು, ಉಳಿದ ಐವರು ಹೊಟ್ಟೆ ಹಿಡಿದುಕೊಂಡು ಸೀಟಿನಿಂದ ಜಾರುತ್ತಿದ್ದರು.

ಹುಮನಾಬಾದಿನಲ್ಲಿ ಅವರು ಒಂದು ಎಮ್ಮೆಗೆ ಸ್ವಾಗತ ಕೋರಿದ್ದರು.

ಅದು ಹೇಗೆಂದು ಹೇಳಬೇಕು. ತಮಟೆಯೆಂಬುದು ಬಳೆಯ ಮೇಲೆ ಬಿಗಿದ ಚರ್ಮ. ಬೆಂಕಿಯಿಲ್ಲದೆ ಅದಕ್ಕೆ ದನಿಯಿಲ್ಲ. ಆಟಕ್ಕೆ ಮುಂಚೆ ಹುಲ್ಲು ಹೊತ್ತಿಸಿ, ಉರಿಯ ಮೇಲೆ ಚರ್ಮವನ್ನು ಸುತ್ತಲೂ ತಿರುಗಿಸಿ, ಬೆರಳ ಗೆಣ್ಣಿನಿಂದ ತಟ್ಟಿ ನೋಡಬೇಕು. ಒದ್ದೆ ಗೋಣಿಯಂತೆ ಮುಲುಗುತ್ತಿದ್ದದ್ದು ಕಂಚಿನಂತೆ ಕೂಗಿದಾಗ ಅದು ಸಿದ್ಧ. ಸಿದ್ಧವಾದ ತಮಟೆ ಯಾರ ದಾರಿಯನ್ನೂ ನೋಡದು. ಬಾರಿಸದೆ ಕಾಲು ಗಂಟೆ ಬಿಟ್ಟರೆ ಮತ್ತೆ ಸಡಿಲ. ಆದ್ದರಿಂದ ಈ ಬೋಗಾದಿಯ ಮಹಿಳಾ ತಂಡದವರು ಮೊದಲ ವರ್ಷದ ತಿರುಗಾಟದಲ್ಲೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಬಿಸಿಯಾದ ತಮಟೆಯ ಎದುರಿಗೆ ಮೊದಲು ಬಂದ ಜೀವ ಯಾವುದೋ, ಮೊದಲ ಏಟು ಅದಕ್ಕೆ. ಮಂತ್ರಿಯಾದರೂ ಸರಿ, ಬಾಳೆಹಣ್ಣಿನ ಗಾಡಿಯವನಾದರೂ ಸರಿ. ಗಂಗಾವತಿಯಲ್ಲಿ ಆ ಗಾಡಿಯವನಿಗೇ ಬಿದ್ದಿತ್ತು. ಹಾವೇರಿಯಲ್ಲಿ ಬಸ್ಸಿನ ಕಂಡಕ್ಟರಿಗೆ. ಕುಂದಾಪುರದಲ್ಲಿ ಮೀನಿನ ಬುಟ್ಟಿ ಹೊತ್ತ ಮುದುಕಿಗೆ; ಆಕೆ ಬುಟ್ಟಿ ಇಳಿಸಿಟ್ಟು ನಾಲ್ಕು ಹೆಜ್ಜೆ ಕುಣಿದೇ ಮುಂದೆ ಹೋದಳು. ಹುಮನಾಬಾದಿನಲ್ಲಿ ತಹಶೀಲ್ದಾರರಿಗಿಂತ ಎರಡು ಮಾರು ಮುಂದೆ ಎಮ್ಮೆ ಬಂತು. ಎಮ್ಮೆಗೆ ಮೊದಲ ಏಟು, ತಹಶೀಲ್ದಾರರಿಗೆ ಎರಡನೆಯದು. ಆ ಮನುಷ್ಯ ನಕ್ಕುಬಿಟ್ಟರು. ನಗಬಲ್ಲ ಅಧಿಕಾರಿಗಳೂ ನಾಡಿನಲ್ಲಿದ್ದಾರೆ. ಇರುವುದನ್ನು ಇದೆಯೆಂದೇ ಹೇಳಬೇಕು.

ನಗುತ್ತಿದ್ದ ಆರು ಮೈಗಳೂ ನೋಯುತ್ತಿದ್ದವು. ತಂಡ ಕಟ್ಟಿದವಳು ಸಂಘಮಿತ್ರ. ತಮಟೆಯ ಪಟ್ಟಿ ಎಳೆದೆಳೆದು ಅವಳ ಎಡಭುಜದ ಮೇಲೆ ಕಪ್ಪು ಬರೆ ಎದ್ದಿತ್ತು. ಬಲಗೈಯ ಬೊಬ್ಬೆಗಳು ಒಡೆದು, ಒಣಗಿ, ಮತ್ತೆ ಒಡೆದಿದ್ದವು. ಎಲ್ಲರಿಗಿಂತ ದೊಡ್ಡವಳಾದ ಚೂಡಾಮಣಿಯ ಪಾದಗಳು ಊದಿ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಎಲ್ಲರಿಗಿಂತ ಚಿಕ್ಕವಳಾದ ಸಿಂಚನಳ ಕಿರುಬೆರಳಿಗೆ ಬಟ್ಟೆ ಸುತ್ತಿತ್ತು. ಪೆಟ್ರೋಲ್ ಬಂಕಿನ ನಲ್ಲಿಯಲ್ಲಿ ಮುಖ ತೊಳೆದು, ಶಾಲೆಯ ನೆಲದ ಮೇಲೆ ಮಲಗಿ, ಆರು ಜನ ಒಂದೇ ಕನ್ನಡಿಯಲ್ಲಿ ಬೊಟ್ಟಿಟ್ಟುಕೊಂಡು ಬಂದವರು ಅವರು. ಆದರೂ ಹೋದ ಊರುಗಳಲ್ಲಿ ಕುರ್ಚಿ ಕೊಟ್ಟಿದ್ದರು. ಪಂಕ್ತಿಯಲ್ಲಿ ಕೂರಿಸಿ ಬಡಿಸಿದ್ದರು. ಹೆಸರು ಹಿಡಿದು ಕರೆದಿದ್ದರು. ಆ ಮರ್ಯಾದೆಯೇ ಅವರಿಗೆ ಅಮಲಿನಂತೆ ಏರಿತ್ತು.

ಇವತ್ತು ಅದರ ಮೇಲೆ ಇನ್ನೊಂದು ಸೇರಿತ್ತು. ತಿರುಗಾಟದ ಕೊನೆಯ ಆಟ ಸ್ವಂತ ಊರಿನಲ್ಲಿ, ಸರಸ್ವತಿಪುರಂನ ಸುನಾದ ವಿಲಾಸ ಸಂಗೀತ ಸಭಾದ ವೇದಿಕೆಯ ಮೇಲೆ. ಸಭಾಕ್ಕೆ ಐವತ್ತು ತುಂಬಿದ ಸಂಭ್ರಮ. ಅರ್ಧ ಗಂಟೆ ನಿಮ್ಮದು ಎಂದು ಕಾರ್ಯದರ್ಶಿ ಚಂದ್ರಮೌಳಿಯವರು ಫೋನಿನಲ್ಲಿ ಹೇಳಿದ್ದರು. ಅದನ್ನು ಕೇಳಲು ಸಂಘಮಿತ್ರಳ ತಾಯಿ ಬರುವವಳಿದ್ದಳು. ಏಳು ವರ್ಷಗಳಲ್ಲಿ ಮೊದಲ ಸಲ.

ತಾಯಿ ಚಿಕ್ಕಮಾದಮ್ಮ ಮೂವತ್ತು ವರ್ಷ ಪೌರಕಾರ್ಮಿಕಳಾಗಿ ದುಡಿದವಳು. ಗುಡಿಸಿದ್ದು ಇದೇ ಸರಸ್ವತಿಪುರಂನ ಬೀದಿಗಳನ್ನು. ಸಭಾದಲ್ಲಿ ಕಚೇರಿಯಿದ್ದ ದಿನ, ಮುಗಿದ ಮೇಲೆ ಬೀದಿಗೆ ಬೀಳುವ ಹೂವು, ಲೋಟ, ಎಲೆಗಳನ್ನು ಎತ್ತಲು ಅವಳನ್ನು ಸಂಜೆಯೂ ಕರೆಯುತ್ತಿದ್ದರು. ಮುಗಿಯುವವರೆಗೆ ಅವಳು ಎದುರಿನ ಹೊಂಗೆಮರದ ಕೆಳಗಿನ ಕಲ್ಲಿನ ಮೇಲೆ ಕುಳಿತಿರುತ್ತಿದ್ದಳು. ಮೂವತ್ತು ವರ್ಷದ ಸಂಗೀತವನ್ನು ಗೋಡೆಯ ಮೂಲಕ ಕೇಳಿದವಳು ಅವಳು. ಒಳಗೆ ಕಾಲಿಟ್ಟವಳಲ್ಲ. ಒಳಗಿನ ಕಸ ಗುಡಿಸಲು ಬೇರೆಯವರಿದ್ದರು. ನಮ್ಮಲ್ಲಿ ಕಸಕ್ಕೂ ಅಂತಸ್ತುಂಟು.

ಏಳು ವರ್ಷದ ಹಿಂದೆ ಮಗಳು ತಮಟೆ ಹಿಡಿದು ಮನೆಗೆ ಬಂದಾಗ ಚಿಕ್ಕಮಾದಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತಿದ್ದಳು. "ನಿಮ್ ತಾತ ಇದನ್ನ ಕೆರೆಗ್ ಎಸ್ದು ಬಂದೋನು ಕಣವ್ವ" ಎಂದಿದ್ದಳು. "ಸತ್ತೋರ ಮುಂದೆ ಬಡ್ದ, ಗೌಡ್ರ ಮನೆ ಹೊರಗ್ ನಿಂತ್ಕೊಂಡ್ ಬಡ್ದ. ಬಡ್ದೂ ಬಡ್ದೂ ಸಾಕಾಗಿ ಎಸ್ದ. ನೀನು ಎತ್ಕೊಂಡ್ ಬಂದಿದ್ದೀಯ."

ತಾತ ಎಸೆದದ್ದು ಹೊರಗೆ ನಿಲ್ಲುವುದನ್ನು, ತಮಟೆಯನ್ನಲ್ಲ ಎಂದು ಮಗಳು ವಾದಿಸಿದ್ದಳು. ತಾಯಿ ಪಕ್ಕಕ್ಕೆ ಸರಿದಿದ್ದಳು.

"ಅಂಗಾದ್ರೆ ಒಳಗ್ ಬಾರ್ಸು. ಕುರ್ಚಿ ಮೇಲ್ ಕೂತಿರೋ ಜನದ್ ಮುಂದೆ ಬಾರ್ಸು. ಅವತ್ತು ನಾನೂ ಕುರ್ಚಿ ಮೇಲ್ ಕೂತ್ಕೊಂಡು ಕೇಳ್ತೀನಿ. ಹೊರಗ್ ನಿಂತು ಬಾರ್ಸೋದಾದ್ರೆ ನನ್ ಕರೀಬ್ಯಾಡ."

ಆ ಮಾತನ್ನು ಅವಳು ಮುರಿದಿರಲಿಲ್ಲ. ಮೈಸೂರಿನಲ್ಲಿ ತಂಡ ಬಾರಿಸಿದ್ದೆಲ್ಲ ಮೆರವಣಿಗೆಯಲ್ಲಿ, ಬೀದಿಯಲ್ಲಿ. ಅವಳು ಬಂದಿರಲಿಲ್ಲ. ಪರ ಊರುಗಳ ಸಭಾಂಗಣಗಳಿಗೆ ಹೋಗಲು ಮಂಡಿ ಬಿಡುತ್ತಿರಲಿಲ್ಲ. ಈ ಭಾನುವಾರಕ್ಕಾಗಿ ಮಾತ್ರ ನಿವೃತ್ತಿಯ ದಿನ ಕೊಂಡ ನೇರಳೆ ರೇಷ್ಮೆ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದಿದ್ದಳು.

ಟೆಂಪೊ ಸಭಾದ ಮುಂದೆ ನಿಂತಾಗ ಬೆಳಿಗ್ಗೆ ಒಂಬತ್ತು ಗಂಟೆ. ನಗುತ್ತಲೇ ಇಳಿಯಲು ಹೊರಟವರನ್ನು ಕಾವಲುಗಾರ ಹುಚ್ಚಯ್ಯ ಕೈ ಅಡ್ಡ ಹಿಡಿದು ತಡೆದ. ವಾದ್ಯದವರು ಹಿಂದಿನ ಗೇಟಿನಿಂದ ಎಂದ. ಅಷ್ಟರಲ್ಲಿ ಒಂದು ಕಾರಿನಿಂದ ವೀಣೆಯೊಂದು ಇಳಿಯಿತು. ಇಬ್ಬರು ಅದನ್ನು ಮಗುವಿನಂತೆ ಎತ್ತಿಕೊಂಡು ಮುಂಬಾಗಿಲಿನಿಂದಲೇ ಒಳಗೆ ಹೋದರು.

ಹಿಂದೆ ಶೌಚಾಲಯದ ಗೋಡೆ, ನೀರಿನ ತೊಟ್ಟಿ, ಮುರಿದ ಕುರ್ಚಿಗಳ ರಾಶಿ. ಶೌಚಾಲಯಕ್ಕೆ ಬೀಗ. ಬೀಗದ ಕೈ ಯಾರ ಬಳಿಯಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಹಾಸನದಲ್ಲಿ ಕೋಳಿ ಕೂಗುವ ಮುಂಚೆ ಗಾಡಿ ಹತ್ತಿದ ಆರು ಹೆಂಗಸರು ಮೂಲೆಯ ಹೋಟೆಲಿಗೆ ಹೋಗಿ, ಮಾಲೀಕನನ್ನು ಬೇಡಿ, ಸರದಿಯಲ್ಲಿ ನಿಂತು ಬಂದರು. ಮರಳಿ ಬಂದಾಗ ಕಾಫಿ ಬಂದಿತ್ತು. ಒಳಗಿನವರಿಗೆ ಸ್ಟೀಲಿನ ಲೋಟ. ಇವರಿಗೆ ಕಾಗದದ ಲೋಟ, ಅದೂ ಕಾಂಪೌಂಡಿನ ಗೋಡೆಯ ಮೇಲೆ ಸಾಲಾಗಿ ಇಟ್ಟು ಹೋದದ್ದು, ಕಾಗೆಗೆ ಇಟ್ಟಂತೆ. ಚೂಡಾಮಣಿ ಕಾ ಕಾ ಎಂದು ಕೂಗಿ ಒಂದು ಲೋಟ ತೆಗೆದುಕೊಂಡಳು. ಮತ್ತೆ ನಗು.

ನಗು ನಿಂತದ್ದು ಸಂಘಮಿತ್ರ ಆಹ್ವಾನ ಪತ್ರಿಕೆಯನ್ನು ಓದಿದಾಗ. ವೀಣೆಯವರ ಹೆಸರಿಗೆ ವಿದುಷಿ ಎಂದಿತ್ತು. ಮೃದಂಗದವರಿಗೆ ವಿದ್ವಾನ್ ಎಂದಿತ್ತು. ದೀಪ ಹಿಡಿಯುವವರ ಹೆಸರೂ ಇತ್ತು. ಎಲ್ಲಕ್ಕಿಂತ ಮೇಲೆ ಒಂದು ಸಾಲು: ಗಣ್ಯರ ಆಗಮನ, ತಮಟೆ ಸ್ವಾಗತ. ಅಷ್ಟೇ. ಬಾರಿಸುವವರು ಯಾರೆಂದಿರಲಿಲ್ಲ. ತಮಟೆ ತಾನಾಗಿ ಬಡಿದುಕೊಳ್ಳುವುದೆಂದು ಸಭಾದವರು ನಂಬಿದ್ದರೇನೋ.

ಪಂಚೆ ಉಟ್ಟು, ಶಲ್ಯ ಹೊದ್ದು, ಮೃದುವಾಗಿ ನಗುತ್ತ ಚಂದ್ರಮೌಳಿಯವರು ಬಂದರು. ಕೆಟ್ಟ ಮಾತನ್ನು ಸಹ ಒಳ್ಳೆಯ ಕನ್ನಡದಲ್ಲಿ ಆಡಬಲ್ಲವರು. ವೇದಿಕೆಯ ಅರ್ಧ ಗಂಟೆ ಏನಾಯಿತೆಂದು ಸಂಘಮಿತ್ರ ಕೇಳಿದಳು. ಸಮಿತಿಯಲ್ಲಿ ಚರ್ಚೆಯಾಗಿ ಕಾರ್ಯಕ್ರಮ ಸ್ವಲ್ಪ ಬದಲಾಗಿದೆ ಎಂದರು. ತಮಟೆಯ ಸೊಗಸೇ ಬಯಲಿನಲ್ಲಿ, ನಾಲ್ಕು ಗೋಡೆಯ ನಡುವೆ ಅದಕ್ಕೆ ಅನ್ಯಾಯವಾದೀತು ಎಂದೂ ವಿವರಿಸಿದರು. ಗೇಟಿನಲ್ಲಿ ಸ್ವಾಗತ ಚೆನ್ನಾಗಿ ಆಗಲಿ, ಸಮಯ ಉಳಿದರೆ ವೇದಿಕೆಯ ವಿಷಯ ನೋಡೋಣ. ಅಲ್ಲಿಯವರೆಗೆ ತಮಟೆಗಳನ್ನು ಒಳಗಿನ ಕೋಣೆಯಲ್ಲಿಡುವುದು ಬೇಡ.

"ತಪ್ಪು ತಿಳ್ಕೋಬೇಡಮ್ಮ. ಅಲ್ಲಿ ವೀಣೆ, ಮೃದಂಗ ಎಲ್ಲ ಇಟ್ಟಿದ್ದಾರೆ. ಚರ್ಮದ ವಾಸನೆ ಕೆಲವರಿಗೆ ಆಗೋದಿಲ್ಲ."

ಸಿಂಚನ ಕಾಗದದ ಲೋಟದ ಹಿಂದಿನಿಂದ ಕೇಳಿದಳು. "ಮೃದಂಗಕ್ಕೆ ಏನ್ ಹಾಕಿರ್ತಾರೆ ಸಾರ್, ರೇಷ್ಮೆನಾ?"

ಚಂದ್ರಮೌಳಿಯವರು ಶಲ್ಯ ಸರಿಪಡಿಸಿಕೊಂಡರು. "ಅದು ಬೇರೆ" ಎಂದು ಒಳಗೆ ಹೋದರು.

ಅದು ಬೇರೆ. ಎರಡೇ ಪದ. ಈ ದೇಶದಲ್ಲಿ ಎರಡು ಸಾವಿರ ವರ್ಷ ಕಟ್ಟಿದ ಗೋಡೆಗಳೆಲ್ಲ ಆ ಎರಡು ಪದಗಳ ಮೇಲೆ ನಿಂತಿವೆ. ಒಂದೇ ಪ್ರಾಣಿಯ ಚರ್ಮ ಮುಂಬಾಗಿಲಿನಿಂದ ಹೋದರೆ ಶಾಸ್ತ್ರ, ಹಿತ್ತಿಲಲ್ಲಿ ಉಳಿದರೆ ವಾಸನೆ. ಚರ್ಮ ಬದಲಾಗಿಲ್ಲ. ಮುಟ್ಟಿದ ಕೈ ಬದಲಾಗಿದೆ.

ಹೊರಟುಬಿಡೋಣವೆಂದಳು ಚೂಡಾಮಣಿ. ಗಾಡಿ ತಿರುಗಿಸಿ ನಿಲ್ಲಿಸಲೇ ಎಂದು ಚಾಲಕ ಹರೀಶ್ ಕೇಳಿದ. ಸಂಘಮಿತ್ರಳ ಕಣ್ಣ ಮುಂದೆ ನೇರಳೆ ಸೀರೆ ಉಟ್ಟ ಹೆಂಗಸೊಬ್ಬಳು ಬೋಗಾದಿಯ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಳು. ತಾಯಿಯ ಬಳಿ ಮೊಬೈಲ್ ಇರಲಿಲ್ಲ. ಬರಬೇಡವೆಂದು ತಿಳಿಸುವ ದಾರಿಯೂ ಇರಲಿಲ್ಲ. ಸಮಯ ಉಳಿದರೆ ಎಂದಿದ್ದಾರಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಂಡದ್ದಕ್ಕೆ ಅವಳಿಗೆ ಅವಳ ಮೇಲೆಯೇ ಸಿಟ್ಟು ಬಂತು.

ಹತ್ತೂವರೆಗೆ ಅತಿಥಿ ಬರುತ್ತಾರೆ, ತಮಟೆ ಸಿದ್ಧವಾಗಲಿ ಎಂದು ಹೇಳಿಕಳಿಸಿದರು. ಮುಖ್ಯ ಅತಿಥಿ ನಗರದ ಆಡಳಿತದಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ತಂಡ ಟೆಂಪೊದಲ್ಲಿ ಯಾವಾಗಲೂ ಒಂದು ಮೂಟೆ ಒಣಹುಲ್ಲು ಇಟ್ಟುಕೊಳ್ಳುತ್ತಿತ್ತು. ಉಳಿದಿದ್ದ ಎರಡು ಹಿಡಿ ಅದಕ್ಕೇ ಸಂದಿತು. ಚರ್ಮ ಬಿಗಿಯಿತು, ಕೂಗಿತು. ಅತಿಥಿ ಬರಲಿಲ್ಲ. ಚರ್ಮ ಸಡಿಲವಾಯಿತು. ಹನ್ನೊಂದಕ್ಕೆ ಖಂಡಿತ ಎಂದರು. ಹುಲ್ಲಿರಲಿಲ್ಲ. ಸರಸ್ವತಿಪುರಂನಲ್ಲಿ ಎಂತಹ ಓದು ಬೇಕಾದರೂ ಸಿಗುತ್ತದೆ, ಒಂದು ಹೊರೆ ಹುಲ್ಲು ಸಿಗುವುದಿಲ್ಲ. ಮುರಿದ ಕುರ್ಚಿಗಳ ಹಿಂದೆ ಹುಡುಕಾಡಿದ ಹರೀಶ್ ಒಂದು ರಟ್ಟಿನ ಪೆಟ್ಟಿಗೆ ಎಳೆದು ತಂದ. ಹಂಚದೆ ಉಳಿದ ಆಹ್ವಾನ ಪತ್ರಿಕೆಗಳು. ಪೆಟ್ಟಿಗೆ ತುಂಬ.

ಆರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹೊಳಪಿನ ಕಾಗದ ಮೊದಲು ಮುನಿಸಿಕೊಂಡಿತು, ಆಮೇಲೆ ನೀಲಿಯಾಗಿ ಉರಿಯಿತು. ಸಿಂಚನ ಒಂದೊಂದೇ ಪತ್ರಿಕೆ ತೆಗೆದು, ತಮಗೆ ಆದರದ ಸ್ವಾಗತ ಎಂದು ಗಟ್ಟಿಯಾಗಿ ಓದಿ, ಬಾಗಿ ನಮಸ್ಕರಿಸಿ ಬೆಂಕಿಗೆ ಹಾಕುತ್ತಿದ್ದಳು. ಮುಖ್ಯ ಅತಿಥಿಯ ಚಿತ್ರ ಅಂಚಿನಿಂದ ಸುರುಳಿ ಸುತ್ತಿ, ಮೀಸೆ ಬಾಗಿ, ಕಪ್ಪಾಗುತ್ತಿತ್ತು. ವಿದುಷಿ ಹೋದರು, ವಿದ್ವಾನರು ಹೋದರು, ಸಮಿತಿಯ ಹದಿನಾಲ್ಕು ಜನ ಸಾಲಾಗಿ ಹೋದರು. ಹೊಗೆಗೆ ಕಣ್ಣೀರು, ನಗುವಿಗೆ ಕಣ್ಣೀರು. ಯಾವುದು ಯಾವುದೆಂದು ಕೇಳುವವರಿಲ್ಲ. ತಮಟೆ ಮಾತ್ರ ಇಂತಹ ಉರುವಲು ಎಂದೂ ಕಂಡಿರಲಿಲ್ಲವೆಂಬಂತೆ ಠಣ್ಣನೆ ಎದ್ದಿತು.

ಹನ್ನೊಂದಕ್ಕೂ ಅತಿಥಿ ಬರಲಿಲ್ಲ.

ಹನ್ನೊಂದೂವರೆಗೆ ಮೂರನೆಯ ಸಲ ಕಾಯಿಸುವಾಗ ಸಿಂಚನಳ ತಮಟೆಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿತು. ನಗು ಅಡಗಿತು. ಚರ್ಮದ ಸಹನೆಗೂ ಒಂದು ಮಿತಿಯಿದೆ. ಅದನ್ನು ಮೀರಿ ಕಾಯಿಸಿದರೆ ಹರಿಯುತ್ತದೆ. ಸಂಘಮಿತ್ರ ಬಿರುಕಿನ ಮೇಲೆ ಬೆರಳಾಡಿಸಿ, ಇದೇ ಕೊನೆ, ಇನ್ನು ಕಾಯಿಸುವುದಿಲ್ಲ ಎಂದಳು. ಆಗಲೇ ಪೇಟದ ತಟ್ಟೆ ಹಿಡಿದ ಕುಮಾರ್ ಎಂಬ ಸ್ವಯಂಸೇವಕ ಓಡಿ ಬಂದ. ಕಾರು ಕೆರೆಯ ತಿರುವಿಗೆ ಬಂದಿದೆಯಂತೆ. ಚಂದ್ರಮೌಳಿಯವರು ಬೀದಿಯ ಮೂಲೆಗೇ ಎದುರುಗೊಳ್ಳಲು ಹೋಗಿದ್ದಾರಂತೆ. ತಮಟೆ ಸದ್ದಾದ ಕೂಡಲೇ ಒಳಗೆ ಎಲ್ಲರೂ ಎದ್ದು ನಿಲ್ಲುವಂತೆ ಹೇಳಿದೆಯಂತೆ. ಗೇಟಿಗೆ ಬನ್ನಿ, ಬೇಗ.

ಆರು ಜನ ಬಿಸಿ ತಮಟೆಗಳನ್ನು ಎದೆಗೆ ತಾಗದಂತೆ ಎತ್ತಿ ಹಿಡಿದು ಮುಂದಿನ ಗೇಟಿಗೆ ಓಡಿದರು. ಬೀದಿಯನ್ನು ಖಾಲಿ ಮಾಡಿಸಿದ್ದರು. ರಂಗೋಲಿಯ ಮೇಲೆ ಒಂದು ಎಲೆಯೂ ಇರಲಿಲ್ಲ. ಎದುರಿನ ಹೊಂಗೆಮರದ ಕೆಳಗೆ, ಕಲ್ಲಿನ ಮೇಲೆ, ನೇರಳೆ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಚಿಕ್ಕಮಾದಮ್ಮ ಕುಳಿತಿದ್ದಳು.

ಸಂಘಮಿತ್ರ ಹುಚ್ಚಯ್ಯನ ಕಡೆ ತಿರುಗಿದಳು. ಅವನು ಕಪಟವಿಲ್ಲದೆ ಹೇಳಿದ. "ಹತ್ತು ಗಂಟೆಗೇ ಬಂದ್ಲು ಕಣಮ್ಮ, ನಮ್ ಹಳೇ ಚಿಕ್ಕಮಾದಮ್ಮ. ಇವತ್ತು ಭಾನುವಾರ, ಕಸದ್ ಕೆಲಸ ಇಲ್ಲ, ನಾಳೆ ಬಾ ಅಂದೆ. ಹೋಗ್ದೆ ಅಲ್ಲೇ ಕೂತವ್ಳೆ."

ಒಂದೂವರೆ ಗಂಟೆ. ರೇಷ್ಮೆ ಸೀರೆಯಲ್ಲಿ. ಅದೇ ಕಲ್ಲಿನ ಮೇಲೆ. ರೇಷ್ಮೆ ಸೀರೆ ಉಟ್ಟಿದ್ದರೂ ಹುಚ್ಚಯ್ಯನಿಗೆ ಕಂಡದ್ದು ಪೊರಕೆ. ಅವನದು ಕೇಡಿನ ಬುದ್ಧಿಯಲ್ಲ. ಅದಕ್ಕೇ ಅದು ಹೆಚ್ಚು ಭಯಂಕರ. ಕೇಡಿಗನನ್ನು ಬೈದು ತಿದ್ದಬಹುದು. ಅಭ್ಯಾಸವನ್ನು ಬೈದು ಯಾರು ತಿದ್ದಿದ್ದಾರೆ?

ಗೇಟಿನ ಹೊರಗೆ ನಿಂತ ಮಗಳನ್ನೂ, ಮಗಳ ಹೆಗಲಲ್ಲಿದ್ದ ತಮಟೆಯನ್ನೂ ತಾಯಿ ಕಂಡಳು. ನಿಧಾನವಾಗಿ ಎದ್ದಳು. ಸೀರೆಗೆ ಅಂಟಿದ ಧೂಳು ಕೊಡವಿಕೊಂಡಳು. ಬಸ್ ನಿಲ್ದಾಣದ ಕಡೆ ತಿರುಗಿ ನಡೆಯತೊಡಗಿದಳು.

ಮುಂದೆ ಏನು ಮಾಡಬೇಕೆಂದು ಯೋಚಿಸಲು ಹೊತ್ತಿರಲಿಲ್ಲ. ತಮಟೆ ಬಿಸಿಯಾಗಿತ್ತು. ಬೀದಿ ಖಾಲಿಯಾಗಿತ್ತು. ಕಾರು ಇನ್ನೂ ತಿರುವಿನಲ್ಲಿತ್ತು.

"ಅವ್ವಾ, ಬಾ" ಎಂದು ಸಂಘಮಿತ್ರ ಕರೆದಳು.

ಚಿಕ್ಕಮಾದಮ್ಮ ನಿಂತಳು, ತಿರುಗಲಿಲ್ಲ. "ಹೊರಗ್ ಬಾರ್ಸೋದ್ ನಾ ಕೇಳಕಿಲ್ಲ ಅಂದಿದ್ನಲ್ಲವ್ವ."

"ಹೊರಗೆ ಬಾರ್ಸಲ್ಲ. ನೀನು ಬಾ."

ತಾಯಿ ತಿರುಗಿದಳು. ರಸ್ತೆ ದಾಟಿದಳು. ರಂಗೋಲಿ ತುಳಿಯದಂತೆ ಸೀರೆ ಎತ್ತಿ ಹಿಡಿದು, ಹಾಗೆ ನಡೆದು ಅಭ್ಯಾಸವಿದ್ದವಳಂತೆ, ಬಿಸಿಯಾದ ಆರು ತಮಟೆಗಳ ಎದುರಿಗೆ ಬಂದು ನಿಂತಳು. ಅವಳ ಹಿಂದೆ ಯಾರೂ ಇರಲಿಲ್ಲ. ಮುಂದೆಯೂ ಯಾರೂ ಬಂದಿರಲಿಲ್ಲ. ಸಿಂಚನಳ ಗಂಟಲಿನಿಂದ ತಡೆಯಲಾರದ ಒಂದು ಕಿಸಕ್ಕನೆಯ ಸದ್ದು ಹೊರಟಿತು. ಚೂಡಾಮಣಿ ಮೆಲ್ಲನೆ ಹುಮನಾಬಾದ್ ಎಂದಳು.

ಸಂಘಮಿತ್ರ ಕೋಲೆತ್ತಿದಳು. ಮೊದಲ ಏಟು ಬಿತ್ತು.

ಹೊಂಗೆಮರದ ಕಾಗೆಗಳೆಲ್ಲ ಒಮ್ಮೆಗೇ ಎದ್ದವು. ಹುಚ್ಚಯ್ಯ ಏನೋ ಹೇಳಲು ಬಾಯಿ ತೆರೆದ, ಅದು ಯಾರಿಗೂ ಕೇಳಲಿಲ್ಲ. ಮೂರು ಜನ ಎಡಕ್ಕೆ, ಮೂರು ಜನ ಬಲಕ್ಕೆ, ನಡುವೆ ಚಿಕ್ಕಮಾದಮ್ಮ. ಹಿಮ್ಮುಖವಾಗಿ ಹೆಜ್ಜೆ ಹಾಕುತ್ತ ಅವರು ಅವಳನ್ನು ಗೇಟು ದಾಟಿಸಿದರು, ಮೆಟ್ಟಿಲು ಹತ್ತಿಸಿದರು, ಮುಂಬಾಗಿಲು ದಾಟಿಸಿದರು. ಒಳಗೆ ಆಜ್ಞೆ ಪಾಲಿಸಲು ಕಾದು ಬೇಸತ್ತಿದ್ದ ನಾನೂರು ಜನ ತಮಟೆ ಕೇಳಿದ್ದೇ ತಡ ಎದ್ದು ನಿಂತರು. ಕೈ ಮುಗಿದರು. ಎರಡು ಸಾಲು ಹುಡುಗಿಯರು ತಟ್ಟೆ ತುಂಬ ಹಿಡಿದಿದ್ದ ಹೂವಿನ ಎಸಳುಗಳನ್ನು ಎರಚಿದರು. ಫೋಟೊದವನು ಹಿಂದೆ ಹಿಂದೆ ಓಡುತ್ತ ಚಿತ್ರ ತೆಗೆದ. ಯಾರು ಬರುತ್ತಿದ್ದಾರೆಂದು ಯಾರೂ ನೋಡಲಿಲ್ಲ. ತಮಟೆ ಕರೆತಂದವರು ಗಣ್ಯರೆಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು; ಅಚ್ಚಾದದ್ದನ್ನು ನಂಬುವ ಜನ ಅವರು.

ಚಿಕ್ಕಮಾದಮ್ಮ ಬೆರಗಾಗಲಿಲ್ಲ. ಬಿದ್ದ ಎಸಳುಗಳನ್ನು ಕಂಡು, "ಇದನ್ನೆಲ್ಲ ಎತ್ತೋರ್ ಯಾರೋ ಪಾಪ" ಎಂದಳು.

ನಿರೂಪಕಿ ಬಿಂದುಶ್ರೀ ಹಾಳೆಯ ಮೇಲಿಟ್ಟ ಕಣ್ಣನ್ನು ಎತ್ತದೆ ಮೈಕಿನಲ್ಲಿ ಓದಿದಳು. ಮೂರು ದಶಕಗಳ ಕಾಲ ಈ ನಗರಕ್ಕೆ ನಿಸ್ವಾರ್ಥ ಸೇವೆ ಸಲ್ಲಿಸಿದವರು. ಸರಸ್ವತಿಪುರಂ ಬಡಾವಣೆಯ ಸ್ವಚ್ಛತೆಗಾಗಿ ಹಗಲಿರುಳು ಶ್ರಮಿಸಿದವರು. ಈ ಬಡಾವಣೆಯ ಒಂದೊಂದು ಬೀದಿಯನ್ನೂ ತಮ್ಮ ಮನೆಯ ಅಂಗಳದಂತೆ ಕಂಡವರು. ಸುನಾದ ವಿಲಾಸದ ಸಂಗೀತವನ್ನು ಅನೇಕ ವರ್ಷಗಳಿಂದ ಆಲಿಸುತ್ತ ಬಂದ ರಸಿಕರು. ಒಂದೊಂದು ಸಾಲಿಗೂ ಚಪ್ಪಾಳೆ. ಒಂದೊಂದು ಸಾಲೂ ನಿಜ. ಬೇರೊಬ್ಬರಿಗಾಗಿ ಬರೆದ ಸುಳ್ಳು ಸರಿಯಾದ ತಲೆಯ ಮೇಲೆ ಬಿದ್ದ ಕೂಡಲೇ ಸತ್ಯವಾಗಿಬಿಟ್ಟಿತು.

ವೇದಿಕೆ ಹತ್ತಿದ ಕೂಡಲೇ ಅವಳಿಗೆ ಕುಮಾರ್ ಪೇಟ ತೊಡಿಸಿದ. ಗಂಧದ ಹಾರ ಹಾಕಿದ. ಆಗ ಮುಖ ನೋಡಿದ. ಅವನ ಕೈ ಹಾರದಲ್ಲೇ ಸಿಕ್ಕಿಕೊಂಡಿತು. ಅಷ್ಟರಲ್ಲಿ ಚಿಕ್ಕಮಾದಮ್ಮ ನಡುವಿನ ದೊಡ್ಡ ಕುರ್ಚಿಯಲ್ಲಿ ಕುಳಿತಾಗಿತ್ತು. ಜರಿಯ ಪೇಟ ಸ್ವಲ್ಪ ಓರೆಯಾಗಿ, ಮಲ್ಲಿಗೆಯ ಮೇಲೆ ಕುಳಿತಿತ್ತು.

"ಒಳಗ್ ಬಲು ಸೆಕೆ ಕಣವ್ವ" ಎಂದಳು ಮಗಳಿಗೆ. "ಊ, ಈಗ ಬಾರ್ಸು."

ಬಾರಿಸುವ ಮೊದಲು ಚಂದ್ರಮೌಳಿಯವರು ಬಂದರು. ಬೀದಿಯ ಮೂಲೆಯಿಂದ ಓಡಿಬಂದ ಅವರ ಶಲ್ಯ ಎಲ್ಲೋ ಬಿದ್ದಿತ್ತು. ವೇದಿಕೆಯನ್ನು ನೋಡಿದರು. ಚಿಕ್ಕಮಾದಮ್ಮನನ್ನು ಗುರುತಿಸಿದರು. ಗುರುತಿಸದೆ ಹೇಗೆ? ಅವರ ಮನೆಯ ಮುಂದಿನ ಚರಂಡಿಗೆ ಎಷ್ಟೋ ವರ್ಷ ಕೈ ಹಾಕಿದವಳು ಅವಳು. ಅವರ ಒಳ್ಳೆಯ ಕನ್ನಡ ಆಗಲೂ ಅವರನ್ನು ಬಿಡಲಿಲ್ಲ. ಸಂಘಮಿತ್ರಳನ್ನು ಪರದೆಯ ಮರೆಗೆ ಕರೆದು ಮೆಲುದನಿಯಲ್ಲಿ ಹೇಳಿದರು.

"ಗಡಿಬಿಡಿಯಲ್ಲಿ ಆಗಿದೆ, ನಾನು ದೊಡ್ಡದು ಮಾಡೋದಿಲ್ಲ. ಮೈಕಿನಲ್ಲಿ ಒಂದೇ ಮಾತು ಹೇಳು, ತಪ್ಪಾಯ್ತು ಅಂತ. ಚಿಕ್ಕಮಾದಮ್ಮನವರನ್ನ ಕೆಳಗೆ ಕರ್ಕೊಂಡು ಹೋಗು. ನಿಮಗೆ ಕೊಡ್ತೀನಿ ಅಂದಿದ್ದ ಅರ್ಧ ಗಂಟೆ ಕೊಟ್ಟೇ ಕೊಡ್ತೀನಿ."

ಅರ್ಧ ಗಂಟೆ. ಏಳು ವರ್ಷದ ಅರ್ಧ ಗಂಟೆ. ಬೆಲೆ ಒಂದೇ ಒಂದು ಮಾತು. ಸಂಘಮಿತ್ರ ಪರದೆಯ ಸಂದಿನಿಂದ ನೋಡಿದಳು. ತಾಯಿಯ ಕಾಲುಗಳು ಆ ಎತ್ತರದ ಕುರ್ಚಿಯಿಂದ ನೆಲಕ್ಕೆ ಮುಟ್ಟುತ್ತಿರಲಿಲ್ಲ. ಹಿಮ್ಮಡಿಯ ಒಡಕುಗಳಲ್ಲಿ ಈ ಬೀದಿಗಳ ಮಣ್ಣು ಇನ್ನೂ ಉಳಿದಿತ್ತು. ತೊಳೆದರೂ ಹೋಗದ ಮಣ್ಣು. ಆ ಕಾಲುಗಳನ್ನು ಕೆಳಗಿಳಿಸಿ ಬಾಗಿಲಾಚೆ ನಡೆಸಬೇಕು. ತಪ್ಪು ಎಂದು ಹೆಸರಿಡಬೇಕು.

ಅವಳು ಬಿಂದುಶ್ರೀಯ ಕೈಯಿಂದ ಮೈಕು ತೆಗೆದುಕೊಂಡಳು.

"ತಪ್ಪಾಯ್ತು ಅಂತ ಹೇಳು ಅಂದಿದ್ದಾರೆ. ತಪ್ಪಾಗಿಲ್ಲ. ಬಿಸಿ ತಮಟೆ ಎದುರಿಗೆ ಮೊದಲು ಬಂದವರಿಗೆ ಮೊದಲ ಏಟು, ಅದು ನಮ್ಮ ಪದ್ಧತಿ. ಇವತ್ತು ಮೊದಲು ಬಂದವರು ಇವರು. ಹತ್ತು ಗಂಟೆಗೇ ಬಂದಿದ್ದರು, ನೀವು ಹೊರಗೆ ಕೂರಿಸಿದ್ದಿರಿ. ಇವರ ಹೆಸರು ಚಿಕ್ಕಮಾದಮ್ಮ. ಮೂವತ್ತು ವರ್ಷ ನಿಮ್ಮ ಬೀದಿ ಗುಡಿಸಿದವರು. ಈಗ ಓದಿದರಲ್ಲ, ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ನೀವು ಎದ್ದು ನಿಂತದ್ದೂ ಸರಿಯಾಗಿಯೇ ಇದೆ. ನಮ್ಮ ಹೆಸರು ನಿಮ್ಮ ಕಾಗದದಲ್ಲಿಲ್ಲ, ಅದಕ್ಕೇ ಹೇಳ್ತೀನಿ. ನಾನು ಸಂಘಮಿತ್ರ. ಇವರು ಚೂಡಾಮಣಿ. ಇವಳು ಸಿಂ..."

ಮೈಕು ಸತ್ತಿತು. ಯಾರೋ ತಂತಿ ಕಿತ್ತಿದ್ದರು. ಹಿಂದೆಯೇ ವೇದಿಕೆಯ ದೀಪಗಳೂ ಹೋದವು.

ವೀಣೆಗೆ ಮೈಕು ಬೇಕು. ಭಾಷಣಕ್ಕೂ ಮೈಕು ಬೇಕು. ತಮಟೆಗೆ ಬೇಕೇ? ಸಿಂಚನ ತನ್ನ ಹೆಸರನ್ನು ತಾನೇ ಗಂಟಲು ಹರಿಯುವಂತೆ ಕೂಗಿ ಕೋಲು ಇಳಿಸಿದಳು. ಆರು ತಮಟೆಗಳು ಆ ಅರೆಗತ್ತಲಿನಲ್ಲಿ ಒಟ್ಟಿಗೆ ಬಿದ್ದವು. ಕಿಟಕಿಯ ಗಾಜುಗಳು ನಡುಗಿದವು. ಗೋಡೆಯ ಮೇಲಿನ ಮಾಜಿ ಅಧ್ಯಕ್ಷರ ಚಿತ್ರಗಳು ಮೊಳೆಯಲ್ಲಿ ಅತ್ತಿತ್ತ ತೂಗಿದವು. ಸಂಘಮಿತ್ರಳ ಅಂಗೈಯ ಬೊಬ್ಬೆ ಒಡೆದು ಕೋಲು ಒದ್ದೆಯಾಯಿತು. ಭುಜ ಉರಿಯಿತು. ಚೂಡಾಮಣಿ ಊದಿದ ಪಾದಗಳಲ್ಲಿ ಗಿರಗಿರನೆ ತಿರುಗಿದಳು. ಏನೋ ಹಗುರವಾದದ್ದು, ಹುಚ್ಚು ಹಿಡಿಸುವಂಥದ್ದು ಆರು ಜನರ ಎದೆಯಿಂದಲೂ ಎದ್ದು ಸೂರಿಗೆ ತಾಗಿತು. ಬಾರಿಸುತ್ತ ನಗುತ್ತಿದ್ದರೋ, ನಗುತ್ತ ಬಾರಿಸುತ್ತಿದ್ದರೋ ಹೇಳಲಾಗದು. ಚಿಕ್ಕಮಾದಮ್ಮ ಪೇಟ ಬೀಳದಂತೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಕುರ್ಚಿಯ ತೋಳಿನ ಮೇಲೆ ತಪ್ಪದೆ ತಾಳ ಹಾಕುತ್ತಿದ್ದಳು. ಮೂವತ್ತು ವರ್ಷ ಗೋಡೆಯಾಚೆ ಕುಳಿತು ಕಲಿತ ತಾಳ.

ಮುಂದಿನ ಎರಡು ಸಾಲುಗಳು ಖಾಲಿಯಾದವು. ಉಳಿದವರಲ್ಲಿ ಅರ್ಧ ಜನ ಕೂರಬೇಕೋ ಹೋಗಬೇಕೋ ತಿಳಿಯದೆ ನಿಂತೇ ಇದ್ದರು. ಮೃದಂಗದ ವಿದ್ವಾನರು ಮಾತ್ರ ಪಕ್ಕದ ಬಾಗಿಲಲ್ಲಿ ನಿಂತು, ಬೆರಳು ಮಡಿಸಿ ಎಣಿಸುತ್ತ, ತಪ್ಪಿ, ಮತ್ತೆ ಮೊದಲಿನಿಂದ ಎಣಿಸುತ್ತಿದ್ದರು. ಈ ಗದ್ದಲದ ನಡುವೆ ನಿಜವಾದ ಮುಖ್ಯ ಅತಿಥಿ ಒಳಗೆ ಬಂದರು. ಯಾರೂ ಎದ್ದು ನಿಲ್ಲಲಿಲ್ಲ, ಏಕೆಂದರೆ ಯಾರೂ ಕೂತಿರಲಿಲ್ಲ. ಅವರು ಸ್ವಲ್ಪ ಹೊತ್ತು ಸುತ್ತ ನೋಡಿ ಕೊನೆಯ ಸಾಲಿನಲ್ಲಿ ಕುಳಿತರು.

ಅರ್ಧ ಗಂಟೆ ತುಂಬಿದ ಮೇಲೆ ಒಂದು ಏಟನ್ನೂ ಹೆಚ್ಚು ಬಾರಿಸದೆ ಸಂಘಮಿತ್ರ ಕೈ ನಿಲ್ಲಿಸಿದಳು. ಕೊಟ್ಟ ಮಾತು ಅಷ್ಟೇ ಆಗಿತ್ತು. ಮುಂಬಾಗಿಲಿನಿಂದಲೇ ಹೊರಟರು. ಹರೀಶ್ ಟೆಂಪೊವನ್ನು ಮುಂದಿನ ಗೇಟಿಗೇ ತಂದು ನಿಲ್ಲಿಸಿದ್ದ. ಹುಚ್ಚಯ್ಯ ಎದ್ದು ನಿಂತು ಸಲಾಮು ಹೊಡೆದ. ಪೇಟಕ್ಕೋ, ತಲೆಗೋ, ಅವನಿಗೂ ಗೊತ್ತಿರಲಿಲ್ಲ.

ಚೆನ್ನಾಗಿತ್ತೇ ಎಂದು ಕೇಳಲು ಸಂಘಮಿತ್ರಳಿಗೆ ಧೈರ್ಯವಾಗಲಿಲ್ಲ. ಗಾಡಿ ಹತ್ತಿದ ಮೇಲೆ ತಾಯಿ ಅವಳ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಒಡೆದ ಬೊಬ್ಬೆಯ ಮೇಲೆ ರೇಷ್ಮೆ ಸೆರಗನ್ನು ಒತ್ತಿ ಹಿಡಿದಳು. ರಕ್ತ ಅಂಟಿತು. ಅಂಟಲಿ ಬುಡು ಎಂದಳು. ಆಮೇಲೆ, ಏನದು, ಆವಾಗಿಂದ ಹುಮನಾಬಾದು ಹುಮನಾಬಾದು ಅಂತೀರಲ್ಲ ಎಂದು ಕೇಳಿದಳು. ಐದು ಜನ ಒಟ್ಟಿಗೆ ಹೇಳಲು ಹೋಗಿ ಯಾರಿಗೂ ಹೇಳಲಾಗಲಿಲ್ಲ.

ಗಾಡಿ ಹೊರಡುವಷ್ಟರಲ್ಲಿ ಕುಮಾರ್ ಓಡಿ ಬಂದು ಕಿಟಕಿ ಹಿಡಿದುಕೊಂಡ. ಬೆವರಿದ್ದ. ಸಂಕೋಚದಿಂದ ಅವನ ಮುಖ ಕೆಂಪಾಗಿತ್ತು. ಮುಖ್ಯ ಅತಿಥಿ ಬರಿತಲೆಯಲ್ಲಿ ಕುಳಿತಿದ್ದಾರೆ, ಸಭಾದವರು ತರಿಸಿದ್ದು ಒಂದೇ ಪೇಟ, ಚಂದ್ರಮೌಳಿಯವರು ಅದನ್ನು ವಾಪಸು ಇಸಕೊಂಡು ಬಾ ಎಂದಿದ್ದಾರೆ.

ಟೆಂಪೊದೊಳಗಿನ ನಗು ತಟ್ಟನೆ ನಿಂತಿತು. ಎಲ್ಲರೂ ಚಿಕ್ಕಮಾದಮ್ಮನ ಕಡೆ ನೋಡಿದರು. ಅವಳು ಎರಡೂ ಕೈಗಳಿಂದ ಪೇಟವನ್ನು ಮುಟ್ಟಿ ನೋಡಿಕೊಂಡಳು. ಓರೆಯಾಗಿದ್ದದ್ದನ್ನು ನೆಟ್ಟಗೆ ಮಾಡಿಕೊಂಡಳು.

"ಮೂವತ್ತೊರ್ಸ ನಿಮ್ಮೋರ್ ಬಾಗ್ಲಿಂದ ದಿನಾ ಕಸ ಹೊತ್ಕೊಂಡ್ ಹೋದೆ ಕಣಪ್ಪ" ಎಂದಳು. "ಒಂದ್ ದಿನಾನಾರ ಯಾರಾರ ವಾಪಸ್ ಕೇಳಿದ್ರಾ? ಇದನ್ನೂ ಕೇಳ್ಬ್ಯಾಡಿ ಅನ್ನು. ಹರೀಶ, ಗಾಡಿ ಬುಡಪ್ಪ."